ತೊಡೆಯೆಲುಬಿನ ಕತ್ತು: ಹಿರಿಯರಿರುವ ಮನೆಗೊಂದು ಎಚ್ಚರಿಕೆ

ಶರೀರವನ್ನೇ ಶಿವನ ಆಲಯವೆಂದು ಭಾವಿಸಿದವರು ನಮ್ಮ ಶರಣರು. ಆ ಆಲಯದ ಭಾರ ಹೊತ್ತ ತೊಡೆಯೆಲುಬು ದೇಹದ ಎಲುಬುಗಳಲ್ಲೆಲ್ಲ ಅತಿ ಉದ್ದವಾದುದು, ಬಲವಾದುದು. ಆದರೂ ಮುಪ್ಪಿನಲ್ಲಿ ಒಮ್ಮೆ ಜಾರಿ ಬಿದ್ದ ಮಾತ್ರಕ್ಕೆ ಅದು ಮುರಿಯುವುದೇಕೆ?

ಹಂಪಿಯ ಮಂಟಪಗಳಲ್ಲಿ ಚಾವಣಿಯ ಭಾರವು ಕಂಬದ ಮೂಲಕ ನೇರವಾಗಿ ನೆಲಕ್ಕಿಳಿಯುತ್ತದೆ. ತೊಡೆಯೆಲುಬಿನ ರಚನೆ ಹಾಗಲ್ಲ. ಅದರ ಮೇಲ್ತುದಿಯಲ್ಲಿ ಚೆಂಡಿನಂತಹ ತಲೆಯಿದ್ದು, ಸೊಂಟದ ಎಲುಬಿನ ಬಟ್ಟಲಿನಲ್ಲಿ ಕುಳಿತಿರುತ್ತದೆ. ತಲೆಯನ್ನು ಕಾಂಡಕ್ಕೆ ಕೂಡಿಸುವ ಕಿರಿದಾದ ಭಾಗವೇ ಕತ್ತು. ಇದು ಕಾಂಡದೊಡನೆ ಸುಮಾರು 125ರಿಂದ 130 ಡಿಗ್ರಿ ಕೋನದಲ್ಲಿ ಓರೆಯಾಗಿರುವುದರಿಂದ ಮೈಭಾರವು ಅದನ್ನು ಸದಾ ಬಾಗಿಸಲೆಳಸುತ್ತದೆ. ಕತ್ತಿನ ಬುಡದಲ್ಲಿ ಸ್ನಾಯುಗಳು ಅಂಟಿಕೊಂಡ ಎರಡು ಉಬ್ಬುಗಳಿವೆ. ವಯಸ್ಸಾದಂತೆ, ವಿಶೇಷವಾಗಿ ಮುಟ್ಟು ನಿಂತ ಸ್ತ್ರೀಯರಲ್ಲಿ, ಎಲುಬು ಸವೆದು ಟೊಳ್ಳಾಗುತ್ತದೆ.

ಎಲುಬಿನ ತಲೆಗೆ ಹೋಗುವ ರಕ್ತನಾಳಗಳು ಬಹುಪಾಲು ಕತ್ತಿನ ಮೇಲೆಯೇ ಸಾಗುತ್ತವೆ. ಕತ್ತು ಮುರಿದರೆ ಅವು ಹರಿದು ತಲೆಯು ನಿರ್ಜೀವವಾಗಬಹುದು. ಆದುದರಿಂದಲೇ ವೃದ್ಧರಿಗೆ ಅನೇಕ ವೇಳೆ ಕೃತಕ ತಲೆಯನ್ನು ಅಳವಡಿಸುತ್ತಾರೆ. ಉಬ್ಬುಗಳ ನಡುವೆ ಮುರಿದಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಲೋಹದ ಸರಳು, ಸ್ಕ್ರೂಗಳಿಂದ ಬಿಗಿದರೆ ಎಲುಬು ಸಾಮಾನ್ಯವಾಗಿ ಕೂಡುತ್ತದೆ.

ಹೊಸಪೇಟೆ, ಕಂಪ್ಲಿ, ಸಂಡೂರುಗಳ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ನಸುಕಿನಲ್ಲೆದ್ದು, ಮಿಂದು, ಲಿಂಗಪೂಜೆಗೆ ಕೂಡುತ್ತಾರೆ. ಮಬ್ಬುಗತ್ತಲೆ ಮತ್ತು ಒದ್ದೆ ಬಚ್ಚಲು ಅವರಿಗೆ ಅಪಾಯಕಾರಿ. ಬಿದ್ದವರು ಏಳಲಾರದೆ, ತೊಡೆಸಂದಿಯಲ್ಲಿ ನೋವೆಂದು ನರಳಿದರೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ಎಲುಬು ಮುರಿದಿದೆಯೆಂದೇ ಬಗೆಯಬೇಕು. ಎಣ್ಣೆ ತಿಕ್ಕುವುದು, ಕಾಲೆಳೆಯುವುದು, ಎಬ್ಬಿಸಿ ನಡೆಸುವುದು ಸಲ್ಲದು. ಮಲಗಿಸಿ, ಕಾಲು ಅಲುಗದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ ಎಲುಬುತಜ್ಞರಿರುವ ಆಸ್ಪತ್ರೆಗೆ ಒಯ್ಯಬೇಕು. ಕೆಲವರು ಮುರಿದ ಕಾಲಿನಲ್ಲೂ ಕುಂಟುತ್ತ ನಡೆಯಬಲ್ಲರು; ನೋವು ಉಳಿದರೆ ಎಕ್ಸ್‌ರೇ ಅಗತ್ಯ.

"ಈ ವಯಸ್ಸಿನಲ್ಲಿ ಆಪರೇಷನ್ ಬೇಡ, ಮಲಗಿರಲಿ" ಎನ್ನುವ ಮಾತು ಪ್ರೀತಿಯದೇ ಆದರೂ ಹಾನಿಕರ. ಹಾಸಿಗೆ ಹಿಡಿದ ವೃದ್ಧರನ್ನು ಬೆನ್ನಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತ ಹೆಪ್ಪುಗಟ್ಟುವಿಕೆಗಳು ಪೀಡಿಸುತ್ತವೆ, ಪ್ರಾಣಕ್ಕೂ ಎರವಾಗುತ್ತವೆ. ಸಾಧ್ಯವಾದರೆ 48 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾಗಿ, ಬೇಗನೆ ಎದ್ದು ನಡೆಯುವಂತಾಗುವುದೇ ಲೇಸು.

ಬಚ್ಚಲಿಗೊಂದು ದೀಪ, ಗೋಡೆಗೊಂದು ಹಿಡಿಕೆ, ಒಣಗಿದ ನೆಲ, ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ, ಊಟದಲ್ಲಿ ರಾಗಿ, ಹಾಲು, ದಿನವೂ ಎಳೆಬಿಸಿಲಿನಲ್ಲಿ ಕೊಂಚ ನಡಿಗೆ. ಇವಿಷ್ಟನ್ನು ಒದಗಿಸುವುದೂ ಹಿರಿಯರಿಗೆ ನಾವು ಸಲ್ಲಿಸಬಹುದಾದ ದಾಸೋಹವೇ ಸರಿ.