ಕತ್ತಿ ಅದ್ದಿ ನೋಡುವ ಬುದ್ಧಿ



ನಾನು ವಿಜ್ಞಾನ ಓದಿದವನಲ್ಲ. ಬಳ್ಳಿಗಾವಿಯ ಬಳಿ ಒಂದೂವರೆ ಎಕರೆ ಅಡಿಕೆ, ನಡುವೆ ನಾಲ್ಕು ಸಾಲು ಕಾಫಿ, ಒಂದಿಷ್ಟು ಮೆಣಸಿನ ಬಳ್ಳಿ ಇಟ್ಟುಕೊಂಡು ಸಂಸಾರ ಸಾಗಿಸುವವನು. ಆದರೂ ಪ್ರತಿ ವರ್ಷ ಮಳೆಗೆ ಮುಂಚೆ ಬೋರ್ಡೋ ದ್ರಾವಣ ಕಲಸುವ ದಿನ ನಾನೂ ಸ್ವಲ್ಪ ಹೊತ್ತು ವಿಜ್ಞಾನಿಯಾಗುತ್ತೇನೆ. ನೀವೂ ಅಷ್ಟೆ.

ಕ್ರಮ ನಮಗೆಲ್ಲ ಗೊತ್ತಿದ್ದದ್ದೇ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಪಾತ್ರೆ ಲೋಹದ್ದಾಗಿರಬಾರದು. ಕಲಸಿದ್ದನ್ನು ಅಂದೇ ಮುಗಿಸಬೇಕು. ಕೊನೆಗೆ ತೊಳೆದ ಕತ್ತಿಯೊಂದನ್ನು ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗು ಕೆಂಪಗಾದರೆ ಹುಳಿ ಇನ್ನೂ ಉಳಿದಿದೆ ಎಂದರ್ಥ. ದ್ರಾವಣದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂತಿರುತ್ತದೆ. ಅದನ್ನು ಹಾಗೇ ಹೊಡೆದರೆ ಗೊನೆಯೂ ಎಲೆಯೂ ಸುಡುತ್ತವೆ. ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು.

ಒಂದು ವರ್ಷ ನನ್ನ ಕತ್ತಿ ಕೆಂಪಗಾಯಿತು. ತೂಕ ಸರಿಯಾಗಿಯೇ ಇತ್ತು; ಆದರೆ ಸುಣ್ಣ ಹಿಂದಿನ ವರ್ಷದ್ದು, ಬಾಯಿ ಬಿಚ್ಚಿದ ಚೀಲದಲ್ಲಿ ಗಾಳಿ ಕುಡಿದು ಸತ್ತ್ವ ಕಳೆದುಕೊಂಡಿತ್ತು. ‘ಅಳತೆ ಸರಿಯಿದೆ, ಹೊಡೆಯಿರಿ’ ಎಂದು ನಾನು ಹಟ ಹಿಡಿಯಬಹುದಿತ್ತು. ಹಿಡಿದಿದ್ದರೆ ಕತ್ತಿಗೆ ನಷ್ಟವಿರಲಿಲ್ಲ, ನನಗಿತ್ತು.

ದ್ರಾಕ್ಷಿಯಿಂದ ಅಡಿಕೆಗೆ

ಈ ಔಷಧಿ ಹುಟ್ಟಿದ್ದು ಅಡಿಕೆಗಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಬೂಜು ರೋಗ ಬಂದು ತೋಟವೆಲ್ಲ ಎಲೆ ಉದುರಿಸಿದಾಗ ಆ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದ.

ಆಗ ನಮ್ಮ ಮಲೆನಾಡಿನಲ್ಲಿ ಕೊಳೆರೋಗಕ್ಕೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಬೋರ್ಡೋ ದ್ರಾವಣವನ್ನು ಅಡಿಕೆಗೆ ತಂದರು. ದ್ರಾಕ್ಷಿಯ ಬೂಜು, ನಮ್ಮ ಕೊಳೆ ಎರಡೂ ಒಂದೇ ಬಳಗದ ರೋಗಾಣುಗಳಿಂದ ಬರುವಂಥವು. ತಾಮ್ರವು ರೋಗಾಣು ಕಾಯಿಯೊಳಗೆ ಇಳಿಯುವ ಮೊದಲೇ ಅದನ್ನು ತಡೆಯುತ್ತದೆ, ಇಳಿದ ಮೇಲೆ ಗುಣಪಡಿಸಲಾರದು. ಮಳೆಗೆ ಮುಂಚೆಯೇ ಹೊಡೆಯಬೇಕೆನ್ನುವುದು ಅದಕ್ಕೇ.

ಹತ್ತು ಮರದ ಲೆಕ್ಕ

ಈಗ ಎಲೆಚುಕ್ಕಿ ರೋಗದ ಕಾಲ. ಮೊಬೈಲ್ ತೆರೆದರೆ ದಿನಕ್ಕೊಂದು ಮದ್ದು: ಒಬ್ಬರದು ಮಜ್ಜಿಗೆ, ಇನ್ನೊಬ್ಬರದು ಹೆಸರೇ ಇಲ್ಲದ ದುಬಾರಿ ಬಾಟಲಿ. ‘ಹೊಡೆದೆ, ವಾಸಿಯಾಯಿತು’ ಎನ್ನುತ್ತಾರೆ. ಮಳೆ ಬಿಟ್ಟು ಬಿಸಿಲು ಬಂದರೆ ರೋಗದ ಹರಡಿಕೆ ತಾನಾಗಿಯೂ ತಗ್ಗುತ್ತದೆ. ವಾಸಿಮಾಡಿದ್ದು ಬಾಟಲಿಯೋ ಬಿಸಿಲೋ ಎಂದು ತಿಳಿಯುವುದು ಹೇಗೆ? ಹತ್ತು ಮರಕ್ಕೆ ಹೊಡೆಯಿರಿ, ಪಕ್ಕದ ಹತ್ತನ್ನು ಹಾಗೇ ಬಿಡಿ, ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಬೋರ್ಡೋದ ರಸ್ತೆ ಬದಿಯ ಬಳ್ಳಿ ಕಲಿಸಿದ ಪಾಠವೂ ಇದೇ: ಬಳಿದದ್ದರ ಪಕ್ಕದಲ್ಲಿ ಬಳಿಯದ್ದು ಇತ್ತು. ಡ್ರೋನ್ ಸಿಂಪಡಣೆಗೂ ಇದೇ ಲೆಕ್ಕ. ಮೇಲಿಂದ ಬಿದ್ದ ಔಷಧಿ ಸೋಗೆಯ ಕೆಳಗಿನ ಗೊನೆಗೆ ಮುಟ್ಟಿತೇ ಎಂದು ಒಂದು ಗೊನೆ ಇಳಿಸಿ ನೋಡಬೇಕು.

ಕಹಿಯಾದ ಸುದ್ದಿ

ಇಷ್ಟರವರೆಗೆ ಎಲ್ಲರೂ ತಲೆದೂಗುತ್ತೀರಿ. ಇನ್ನು ಹೇಳುವುದು ನನಗೂ ಹಿತವಲ್ಲ.

ಅದೇ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಿದೆ. ಅದು 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದಾಗ, ‘ದೋಷ ತಂಬಾಕಿನದು, ಅಡಿಕೆಯದಲ್ಲ’ ಎಂದು ನಾನೂ ಕಟ್ಟೆಯ ಮೇಲೆ ವಾದಿಸಿದವನೇ. ಆದರೆ ಆ ವರದಿ ತಂಬಾಕಿಲ್ಲದ ಕವಳವನ್ನೂ ಬಿಟ್ಟಿಲ್ಲ.

ಮೊದಲ ಗುಂಪು ಎಂದರೇನೆಂಬುದನ್ನು ಸರಿಯಾಗಿ ತಿಳಿಯಬೇಕು. ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಆ ಗುಂಪು ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಬಿಸಿಲು, ಹೆಂಡ, ಬೀಡಿ-ಸಿಗರೇಟಿನ ಹೊಗೆ ಎಲ್ಲವೂ ಅದರಲ್ಲಿವೆ. ಮದುವೆಮನೆಯಲ್ಲಿ ಒಮ್ಮೆ ಕವಳ ಹಾಕುವುದಕ್ಕೂ, ದಿನವಿಡೀ ದವಡೆಯಲ್ಲಿಟ್ಟು ಅಗಿಯುವುದಕ್ಕೂ ವ್ಯತ್ಯಾಸವಿದೆ. ಆದರೆ ವ್ಯತ್ಯಾಸವಿದೆ ಎಂದರೆ ಏನೂ ಇಲ್ಲವೆಂದಲ್ಲ. ಅಡಿಕೆ ಅಗಿಯುವವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾಗದಂತಾಗುತ್ತದೆ. ಮುಂದೆ ಅದು ಕ್ಯಾನ್ಸರಿಗೆ ತಿರುಗಲೂಬಹುದು.

ಬೋರ್ಡೋದಿಂದ ಬಂದ ವಿಜ್ಞಾನ ನಮ್ಮ ಗೊನೆ ಉಳಿಸಿತು, ಅದನ್ನು ಒಪ್ಪಿದೆವು. ಲಿಯೋನಿನಿಂದ ಬಂದದ್ದು ನಮ್ಮ ಧಾರಣೆಗೆ ಕುತ್ತಾದೀತೆಂದು ಅದನ್ನು ಪಿತೂರಿ ಎನ್ನುತ್ತೇವೆ. ಇದು ಕತ್ತಿ ಕೆಂಪಗಾದಾಗ ಕತ್ತಿಯನ್ನೇ ಬೈದಂತೆ.

ನಮ್ಮೂರ ಕೋಡಿಮಠವನ್ನು ನೆನೆಯೋಣ. ಕೇದಾರೇಶ್ವರ ದೇವಾಲಯದ ಆ ಮಠವನ್ನು ವರ್ಣಿಸುವ 1162ರ ಶಾಸನದ ಪ್ರಕಾರ ಅಲ್ಲಿ ವೇದ, ವ್ಯಾಕರಣಗಳ ಜೊತೆಗೆ ಬೌದ್ಧವೂ ಸೇರಿದಂತೆ ಬೇರೆ ಬೇರೆ ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತು. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತು. ಶೈವ ಮಠದಲ್ಲೇ ಬೇರೆ ಮತದವರ ಶಾಸ್ತ್ರವನ್ನೂ ಓದುತ್ತಿದ್ದರು. ನಮಗೆ ಹಿಡಿಸದ ವರದಿಯನ್ನು ನಾವು ಓದಲಾರೆವೇ?

ಮಾಡಬಹುದಾದದ್ದು ಇಷ್ಟು. ಮನೆಯಲ್ಲಿ, ಆಳುಗಳಲ್ಲಿ ಅಗಿಯುವವರಿದ್ದರೆ ಬಾಯಿಯ ಬಿಳಿ ಮಚ್ಚೆ, ಮಾಯದ ಹುಣ್ಣು, ಬಾಯಿ ಬಿಗಿತ ಕಂಡಕೂಡಲೇ ವೈದ್ಯರಿಗೆ ತೋರಿಸಿ. ಮಕ್ಕಳ ಕೈಗೆ ಪೊಟ್ಟಣ ಕೊಡಬೇಡಿ. ಗದ್ದೆಯನ್ನೆಲ್ಲ ಮುಚ್ಚಿ ಅಡಿಕೆಯೊಂದನ್ನೇ ನಂಬಬೇಡಿ. ಕಾಫಿ, ಮೆಣಸು, ಬಾಳೆ, ಜಾಯಿಕಾಯಿ ಜೊತೆಗಿರಲಿ. ಅಡಿಕೆ ಚೊಗರಿನಿಂದ ಬಣ್ಣದಂಥ ಬೇರೆ ಉಪಯೋಗಗಳಿಗೆ ಸಹಕಾರ ಸಂಘಗಳು ದಾರಿ ಹುಡುಕಲಿ.

ನಾನು ಮರ ಕಡಿಯುವುದಿಲ್ಲ. ಈ ವರ್ಷವೂ ದ್ರಾವಣ ಕಲಸುತ್ತೇನೆ, ಕತ್ತಿ ಅದ್ದುತ್ತೇನೆ. ಆದರೆ ಕವಳದ ಸಂಚಿಯನ್ನು ಕಳೆದ ದೀಪಾವಳಿಗೆ ಅಟ್ಟಕ್ಕೆ ಹಾಕಿದ್ದೇನೆ. ಇನ್ನೂ ಇಳಿಸಿಲ್ಲ.