ನಿಮಗಿದು ಗೊತ್ತೆ? ಸಂತೆಬೆನ್ನೂರಿನ ಪುಷ್ಕರಿಣಿ

ಜಪಾನಿನ ಕ್ಯೋಟೋ ನಗರದ ಪುರಾತನ ಬೀದಿಗಳನ್ನು ಅರಸಿಕೊಂಡು ದೇಶದೇಶಗಳ ಯಾತ್ರಿಕರು ಸಮುದ್ರ ದಾಟಿ ಹೋಗುವ ಈ ಕಾಲದಲ್ಲಿ, ತ್ಯಾವಣಿಗೆಗೆ ಅನತಿದೂರದ ಸಂತೆಬೆನ್ನೂರು ಒಂದಾನೊಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿಯಾಗಿ ಮೆರೆದ ಪಟ್ಟಣವೆಂಬುದನ್ನು ನೆರೆಯವರಾದ ನಾವೇ ಮರೆಯುತ್ತಿರುವುದು ವಿಷಾದದ ಸಂಗತಿ. 16ನೆಯ ಶತಮಾನದಲ್ಲಿ ಆ ಪಾಳೆಯಗಾರರಲ್ಲೊಬ್ಬನಾದ ಕೆಂಗ ಹನುಮಂತಪ್ಪ ನಾಯಕನು ಕಟ್ಟಿಸಿದ ಇಲ್ಲಿಯ ಪುಷ್ಕರಿಣಿಯು, ನಾಲ್ಕೂ ದಿಕ್ಕುಗಳಿಂದ ಕಲ್ಲಿನ ಸೋಪಾನಪಂಕ್ತಿಗಳು ಇಳಿದು ಬಂದು, ಜಲಮಧ್ಯದಲ್ಲಿ ವಸಂತಮಂಟಪವು ಗೋಪುರಾಕೃತಿಯಿಂದ ಮೇಲೆದ್ದು ನಿಂತು, ಅಂಚಿನ ಎಂಟು ಮಂಟಪಗಳ ಪೈಕಿ ಆರು ಮಾತ್ರವೇ ಉಳಿದಿದ್ದರೂ, ಪ್ರೇಕ್ಷಕರ ಮನಸ್ಸನ್ನು ಅಪಹರಿಸದೆ ಇರದು. ಅದರ ಕಮಾನುಗಳಲ್ಲಿ ಹಿಂದೂ ವಾಸ್ತುರೀತಿಯೂ ಇಸ್ಲಾಮೀ ವಾಸ್ತುರೀತಿಯೂ ಪರಸ್ಪರ ಬೆರೆತಿರುವ ಪರಿಯನ್ನು ಕಾಣುವುದಕ್ಕಾಗಿಯಾದರೂ ಅಲ್ಲಿಗೆ ಹೋಗತಕ್ಕದ್ದು. ಸಮೀಪದ ಮುಸಾಫಿರಖಾನೆ (ಪ್ರಯಾಣಿಕರ ತಂಗುದಾಣ)ಯಾದರೋ 17ನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಕಟ್ಟಿಸಿದುದು. ನಾಯಕರ ವಂಶವು ಕಾಲಾನಂತರದಲ್ಲಿ ತರೀಕೆರೆಗೆ ತನ್ನ ನೆಲೆಯನ್ನು ಬದಲಿಸಿತು. ಪುಷ್ಕರಿಣಿ, ಮುಸಾಫಿರಖಾನೆ ಎಂಬ ಈ ಎರಡು ಸ್ಮಾರಕಗಳೂ ಇಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ.