ಓದಲು ಬಾರದ ಓದುಗರಿಗಾಗಿ ಸಿನಿಮಾ ಮಾಡಿದ ಕಾದಂಬರಿಕಾರ

ಕಾದಂಬರಿಕಾರರೊಬ್ಬರು ಸಿನಿಮಾಗೆ ಹೋದರೆ ನಮ್ಮಲ್ಲಿ ಮೊದಲು ಕೇಳಿಬರೋ ಮಾತು, 'ದುಡ್ಡಿಗೆ ಹೋದ್ರು ಬಿಡಿ' ಅನ್ನೋದು. ಸೆನೆಗಾಲ್ ದೇಶದ ಉಸ್ಮಾನ್ ಸೆಂಬೇನ್ ಹೋಗಿದ್ದು ಬೇರೆ ಕಾರಣಕ್ಕೆ. ಅವರು ಯಾರ ಬದುಕನ್ನು ಬರೆಯುತ್ತಿದ್ದರೋ ಆ ಜನರಿಗೆ ಅವರ ಪುಸ್ತಕ ಓದಲು ಬರುತ್ತಿರಲಿಲ್ಲ.

ಸೆಂಬೇನ್ ಹುಟ್ಟಿದ್ದು 1923ರಲ್ಲಿ, ಮೀನುಗಾರರ ಮನೆಯಲ್ಲಿ. ಶಾಲೆ ಅರ್ಧಕ್ಕೇ ನಿಂತಿತು. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಯ ಸಿಪಾಯಿಯಾಗಿದ್ದರು. ಆಮೇಲೆ ಫ್ರಾನ್ಸ್‌ನ ಮಾರ್ಸೇಲ್ ಬಂದರಿನಲ್ಲಿ ಹಮಾಲಿ ಮಾಡಿದರು. ಕಾರ್ಮಿಕ ಸಂಘ, ಕಮ್ಯುನಿಸ್ಟ್ ಪಕ್ಷ, ಪುಸ್ತಕಗಳ ಹುಚ್ಚು ಎಲ್ಲವೂ ಅಂಟಿಕೊಂಡಿದ್ದು ಅಲ್ಲೇ. 1956ರಲ್ಲಿ ಬಂದ ಮೊದಲ ಕಾದಂಬರಿ ಆಫ್ರಿಕಾದ ಹಮಾಲಿಯೊಬ್ಬನ ಕಥೆ. 1960ರಲ್ಲಿ ಬಂದ ಕಾದಂಬರಿ 1947-48ರ ಡಾಕರ್-ನೈಜರ್ ರೈಲ್ವೆ ಮುಷ್ಕರದ್ದು. ಇಂಗ್ಲಿಷ್‌ನಲ್ಲಿ 'ಗಾಡ್ಸ್ ಬಿಟ್ಸ್ ಆಫ್ ವುಡ್' ಅಂತ ಪ್ರಸಿದ್ಧವಾಗಿರೋದು ಇದೇ.

ಅದೇ ವರ್ಷ ಸೆನೆಗಾಲ್‌ಗೆ ಸ್ವಾತಂತ್ರ್ಯ ಬಂತು. ಆದರೆ ಕಾದಂಬರಿ ಇದ್ದದ್ದು ಫ್ರೆಂಚ್‌ನಲ್ಲಿ. ಮುಷ್ಕರ ಹೂಡಿದ ಕಾರ್ಮಿಕರು, ಅವರ ಬೆನ್ನಿಗೆ ನಿಂತ ಹೆಂಗಸರು ಮಾತಾಡುತ್ತಿದ್ದದ್ದು ವೊಲೋಫ್, ಬಂಬಾರಾ. ಹಾಗಾದ್ರೆ ಬರೆದದ್ದು ಯಾರಿಗೆ? ಈ ಪ್ರಶ್ನೆ ಹೊತ್ತುಕೊಂಡೇ ಸೆಂಬೇನ್ 1962ರಲ್ಲಿ, ಹತ್ತಿರ ಹತ್ತಿರ ನಲವತ್ತರ ವಯಸ್ಸಿನಲ್ಲಿ, ಸಿನಿಮಾ ಕಲಿಯಲು ಮಾಸ್ಕೋಗೆ ಹೋದರು.

ವಾಪಸ್ ಬಂದು 1963ರಲ್ಲಿ 'ಬೊರೋಮ್ ಸಾರೆ' ಮಾಡಿದರು. ಡಾಕರ್‌ನ ಬಡ ಗಾಡಿಯವನೊಬ್ಬನ ಒಂದು ದಿನ, ಸುಮಾರು 20 ನಿಮಿಷ. 1966ರಲ್ಲಿ ತಮ್ಮದೇ ಸಣ್ಣಕಥೆಯಿಂದ 'ಬ್ಲ್ಯಾಕ್ ಗರ್ಲ್' ಮಾಡಿದರು. ಮನೆಗೆಲಸಕ್ಕೆಂದು ಫ್ರಾನ್ಸ್‌ಗೆ ಹೋಗಿ ನಾಲ್ಕು ಗೋಡೆಗಳ ನಡುವೆ ಸಿಕ್ಕಿಬಿದ್ದ ಹುಡುಗಿಯ ಕಥೆ ಅದು. ಫ್ರಾನ್ಸ್‌ನ ಝಾನ್ ವಿಗೋ ಪ್ರಶಸ್ತಿ ಬಂತು. ಆದರೆ ಎರಡೂ ಸಿನಿಮಾ ಮಾತಾಡಿದ್ದು ಫ್ರೆಂಚ್! ಮಾಧ್ಯಮ ಬದಲಾದರೂ ಭಾಷೆ ಬದಲಾಗಿರಲಿಲ್ಲ.

ಆ ಗೋಡೆ ಒಡೆದದ್ದು 1968ರ 'ಮಂದಾಬಿ'. ಫ್ರಾನ್ಸ್ ಸರ್ಕಾರದ ಸಿನಿಮಾ ಸಂಸ್ಥೆಯ ಹಣವೂ ಇದ್ದ ಕಾರಣ ಫ್ರೆಂಚ್ ಆವೃತ್ತಿಯನ್ನೂ ತೆಗೆಯಬೇಕಾಯಿತು. ಆದರೆ ಜೊತೆಯಲ್ಲೇ ವೊಲೋಫ್ ಆವೃತ್ತಿಯೂ ತಯಾರಾಯಿತು. ಕಥೆ ಅವರದೇ ಕಿರುಕಾದಂಬರಿಯದ್ದು. ಪ್ಯಾರಿಸ್‌ನಲ್ಲಿ ಬೀದಿ ಗುಡಿಸುವ ಹುಡುಗ ಊರಲ್ಲಿರುವ ಸೋದರಮಾವ ಇಬ್ರಾಹಿಮನಿಗೆ 25,000 ಫ್ರಾಂಕ್ ಮನಿಯಾರ್ಡರ್ ಕಳಿಸುತ್ತಾನೆ. ದುಡ್ಡು ಬಿಡಿಸಿಕೊಳ್ಳಲು ಗುರುತಿನ ಚೀಟಿ ಬೇಕು. ಅದಕ್ಕೆ ಜನನ ಪ್ರಮಾಣಪತ್ರ ಬೇಕು, ಫೋಟೋ ಬೇಕು. ಹುಟ್ಟಿದ ದಿನ ಇಬ್ರಾಹಿಮನಿಗೇ ಗೊತ್ತಿಲ್ಲ. ದುಡ್ಡು ಕೈಗೆ ಬರುವ ಮೊದಲೇ ನೆರೆಹೊರೆಯವರು ಸಾಲ ಕೇಳಲು ಬರುತ್ತಾರೆ. ಕೊನೆಗೆ ಓದು ಬಲ್ಲ ಬಂಧುವೊಬ್ಬ ಸಹಿ ಹಾಕಿಸಿಕೊಂಡು ಪೂರ್ತಿ ನುಂಗಿಹಾಕುತ್ತಾನೆ. ರೇಷನ್ ಅಂಗಡಿ ಮುಂದೆ ಹೆಬ್ಬೆಟ್ಟು ಮ್ಯಾಚ್ ಆಗದೆ ವಾಪಸಾದವರನ್ನು ಕಂಡವರಿಗೆ ಇದು ದೂರದ ಕಥೆ ಅನ್ನಿಸೋದಿಲ್ಲ.

ಆದರೆ ಸಿನಿಮಾ ಪುಕ್ಕಟೆ ಬರಲಿಲ್ಲ. ಕಾದಂಬರಿಗೆ ಪೆನ್ನು, ಪೇಪರ್ ಸಾಕು. ಸಿನಿಮಾಗೆ ಬಂಡವಾಳ ಬೇಕು, ಸೆನ್ಸಾರ್ ಒಪ್ಪಿಗೆ ಬೇಕು, ತೋರಿಸೋಕೆ ಥಿಯೇಟರ್ ಬೇಕು. ಜನರಿಗೆ ಹತ್ತಿರವಾದಷ್ಟೂ ಸೆಂಬೇನ್ ಸರ್ಕಾರದ ಕೈಗೂ ಸಿಕ್ಕಿಕೊಂಡರು.

1975ರ 'ಖಾಲಾ' ನೋಡಿ. ಸ್ವತಂತ್ರ ದೇಶದ ಹೊಸ ಸಾಹುಕಾರನೊಬ್ಬ ಮೂರನೇ ಮದುವೆಯ ರಾತ್ರಿಯೇ ಷಂಡನಾಗುವ ವ್ಯಂಗ್ಯ ಅದು. ಅದರಲ್ಲಿ ಮಗಳು ವೊಲೋಫ್‌ನಲ್ಲಿ ಕೇಳಿದರೆ ಅಪ್ಪ ಉತ್ತರ ಕೊಡೋದು ಫ್ರೆಂಚ್‌ನಲ್ಲಿ. ಸೆನ್ಸಾರ್ ಹಲವು ದೃಶ್ಯಗಳಿಗೆ ಕತ್ತರಿ ಹಾಕಿತು. ಸೆಂಬೇನ್ ಸುಮ್ಮನಾಗದೆ, ಕತ್ತರಿಸಿದ ದೃಶ್ಯಗಳಲ್ಲಿ ಏನಿತ್ತು ಅಂತ ಕರಪತ್ರ ಮಾಡಿ ಪ್ರೇಕ್ಷಕರಿಗೆ ಹಂಚಿದರು.

1977ರ 'ಸೆಡ್ಡೋ' ಕಥೆ ಇನ್ನೂ ವಿಚಿತ್ರ. ಇಸ್ಲಾಂ, ಕ್ರೈಸ್ತ ಮಿಷನರಿ, ಗುಲಾಮರ ವ್ಯಾಪಾರ ಮೂರನ್ನೂ ಪ್ರಶ್ನಿಸಿದ ಸಿನಿಮಾ. ಸೆನೆಗಾಲ್‌ನಲ್ಲಿ ನಿಷೇಧವಾಯಿತು. ಸರ್ಕಾರ ಕೊಟ್ಟ ಕಾರಣ ಏನು ಗೊತ್ತಾ? ಹೆಸರಿನ ಕಾಗುಣಿತ! ಸರ್ಕಾರದ ನಿಯಮದಂತೆ ಆ ಪದದಲ್ಲಿ 'ಡ' ಒಂದೇ ಇರಬೇಕು, ಒತ್ತು ಕೂಡದು ಅನ್ನೋದು ವಾದ. ಅಧ್ಯಕ್ಷರಾಗಿದ್ದವರು ಲಿಯೊಪೋಲ್ಡ್ ಸೆಂಘೋರ್, ಸ್ವತಃ ಫ್ರೆಂಚ್ ಭಾಷೆಯ ದೊಡ್ಡ ಕವಿ. ಸೆಂಬೇನ್ ಒಂದಕ್ಷರವನ್ನೂ ಬದಲಿಸಲಿಲ್ಲ. ಇದು ಬರೀ ಹಟ ಅಲ್ಲ. 1971ರಲ್ಲೇ ಪಾತೆ ದಿಯಾಞ್ ಜೊತೆ ಸೇರಿ 'ಕದ್ದು' ಎಂಬ ವೊಲೋಫ್ ಪತ್ರಿಕೆ ಶುರು ಮಾಡಿದ್ದವರು ಅವರು. ಜನರ ಭಾಷೆಯನ್ನು ಹೇಗೆ ಬರೆಯಬೇಕು ಅಂತ ತೀರ್ಮಾನಿಸೋರು ಯಾರು ಅನ್ನೋದೇ ಅವರ ಜಗಳ.

1988ರ 'ಕ್ಯಾಂಪ್ ದ ಥಿಯಾರೋಯ್' ಸಿನಿಮಾವನ್ನು ಥಿಯೆರ್ನೋ ಫಾತಿ ಸೋ ಜೊತೆ ನಿರ್ದೇಶಿಸಿದರು. ಬಾಕಿ ಸಂಬಳ ಕೇಳಿದ ಆಫ್ರಿಕನ್ ಸೈನಿಕರ ಮೇಲೆ 1944ರ ಡಿಸೆಂಬರ್ 1ರಂದು ಫ್ರೆಂಚ್ ಸೇನೆ ಗುಂಡು ಹಾರಿಸಿದ ಘಟನೆ ಅದು. ಅದೇ ಸೇನೆಯಲ್ಲಿ ಸಿಪಾಯಿಯಾಗಿದ್ದವರು ತೆಗೆದ ಸಿನಿಮಾ ಎಂಬುದು ನೆನಪಿರಲಿ.

ಇಷ್ಟಾದರೂ ಅವರು ಬರವಣಿಗೆ ಬಿಡಲಿಲ್ಲ. 1992ರ 'ಗೆಲ್ವಾರ್' ಮೊದಲು ಸಿನಿಮಾ ಆಗಿ, ಆಮೇಲೆ ಕಾದಂಬರಿ ಆಯಿತು. ಹಳ್ಳಿ ಹಳ್ಳಿಗೆ ಹೋಗಿ ತಮ್ಮ ಸಿನಿಮಾ ತೋರಿಸಿ, ಜನರ ಜೊತೆ ಕೂತು ಚರ್ಚೆ ಮಾಡುತ್ತಿದ್ದರು. ಸಿನಿಮಾ ಅವರಿಗೆ ರಾತ್ರಿ ಶಾಲೆ ಇದ್ದಂತೆ. ಹೆಣ್ಣುಮಕ್ಕಳ ಜನನಾಂಗ ಛೇದನದ ವಿರುದ್ಧ 'ಮೂಲಾದೆ' ತೆಗೆದಾಗ ವಯಸ್ಸು 80 ದಾಟಿತ್ತು. 2004ರಲ್ಲಿ ಕಾನ್ ಚಿತ್ರೋತ್ಸವದ 'ಅನ್ ಸರ್ಟನ್ ರಿಗಾರ್ಡ್' ವಿಭಾಗದ ಪ್ರಶಸ್ತಿ ಅದಕ್ಕೆ ಬಂತು. 2007ರಲ್ಲಿ ಸೆಂಬೇನ್ ತೀರಿಕೊಂಡರು.

ಕನ್ನಡದಲ್ಲಿ ಬರೆದರೆ ಯಾರು ಓದ್ತಾರೆ ಅಂತ ನಾವು ಆಗಾಗ ಗೊಣಗ್ತೀವಿ. ಸೆಂಬೇನ್‌ಗೂ ಓದುವವರ ಚಿಂತೆಯಿತ್ತು. ಆದರೆ ಓದುವವರು ಎಲ್ಲಿದ್ದಾರೋ ಅಲ್ಲಿಗೆ ಭಾಷೆ ಬದಲಿಸಿಕೊಂಡು ಹೋಗುವ ಬದಲು, ತನ್ನ ಜನ ಎಲ್ಲಿದ್ದಾರೋ ಅಲ್ಲಿಗೆ ಕಥೆಯನ್ನು ಹೊತ್ತುಕೊಂಡು ಹೋದರು. 'ಮಂದಾಬಿ' ಸಿಕ್ಕರೆ ನೋಡಿ, ವೊಲೋಫ್ ಆವೃತ್ತಿಯನ್ನೇ ನೋಡಿ.